ಸೋಮವಾರದ ಪಂಪು

ಮೋಟಾರಿನ ನಾಡಿ ಹಿಡಿಯುವುದರಲ್ಲಿ ಶಹಾಪುರದ ಭಾಗಣ್ಣನ ಕಿವಿ ಎಂದೂ ತಪ್ಪಿದ್ದಿಲ್ಲ. ಆ ಸೋಮವಾರ ಸುರಪುರದ ಕಡೆಯಿಂದ ಚಾಂದಪಾಶಾನ ಪಿಕಪ್ಪು ಗಾಡಿ ಬಿಕ್ಕುತ್ತ ಮುಗ್ಗರಿಸುತ್ತ ಬಂದು ತಗಡಿನ ಶೆಡ್ಡಿನ ಎದುರೇ ನಿಂತುಬಿಟ್ಟಾಗ, ರೋಗವೇನೆಂದು ಅರ್ಧ ಅವನಿಗೆ ಕುಳಿತಲ್ಲೇ ಗೊತ್ತಾಯಿತು. ಉಳಿದರ್ಧ ಗೊತ್ತಾಗುವುದು ಅವನಿಗೆ ಬೇಕಿರಲಿಲ್ಲ.

ಅದೇ ಗಾಡಿಯಲ್ಲಿ ಭಾಗಣ್ಣನ ಮಗಳು ಸಾಯಬಮ್ಮ ಯಾದಗಿರಿ ಸ್ಟೇಷನ್ನಿಗೆ ಹೋಗಬೇಕಿತ್ತು. ಮುಂಬೈ ಗಿರಣಿಯಲ್ಲಿ ದುಡಿಯುವ ಗಂಡ ಅಲ್ಲಿ ಟಿಕೀಟು ಹಿಡಿದು ಕಾಯುತ್ತಿದ್ದ, ಸಂಜೆಯ ರೈಲು. ತಾಯಿ ಸತ್ತಾಗ ಒಂಬತ್ತು ವರ್ಷದ ಹುಡುಗಿ, ಅಡುಗೆಮನೆಗಿಂತ ಶೆಡ್ಡಿನಲ್ಲೇ ಹೆಚ್ಚು ಬೆಳೆದವಳು. ಮದುವೆಯಾಗಿ ಹೋಗಿ ಮೂರು ವರ್ಷದ ಮೇಲೆ ಈಗ ಪಂಚಮಿಗೆಂದು ತವರಿಗೆ ಬಂದಿದ್ದಳು. ಮುಂದಿನ ಪಂಚಮಿಗೆ ಮಗಳು ಬರುತ್ತಾಳೋ ಇಲ್ಲವೋ, ನಿಜಾಮನ ಸರಕಾರವೇ ಇರುತ್ತದೋ ಇಲ್ಲವೋ, ಬಲ್ಲವರಾರು? ಮರುದಿನ ಮಂಗಳವಾರ, ಅದರ ಮರುದಿನ ಅಮಾವಾಸ್ಯೆ. ಮಂಗಳವಾರ ಮಗಳನ್ನು ತವರಿನಿಂದ ಕಳಿಸುವ ತಂದೆ ಆ ಸೀಮೆಯಲ್ಲಿ ಹುಟ್ಟಿರಲಿಲ್ಲ. ಅಮಾವಾಸ್ಯೆಯ ಮಾತಂತೂ ಕೇಳುವುದೇ ಬೇಡ. ಇವತ್ತು ಈ ಗಾಡಿ ಹೋಗದಿದ್ದರೆ ಗುರುವಾರದವರೆಗೆ ಮಗಳು ಅವನ ಮನೆಯಲ್ಲೇ.

"ಜಲ್ದಿ ನೋಡ್ರಿ ಭಾಗಣ್ಣಾ, ರೈಲಿಗಿ ಹಾಕೂ ಮಾಲ್ ಐತಿ," ಎಂದ ಚಾಂದಪಾಶಾ.

ಭಾಗಣ್ಣ ಬಾನೆಟ್ಟು ಎತ್ತಿ, ಕಾರ್ಬುರೇಟರಿಗೆ ಹೋಗುವ ನಳಿಗೆ ಬಿಚ್ಚಿ, "ಹ್ಯಾಂಡಲ್ ತಿರುವು" ಎಂದ. ಚಾಂದಪಾಶಾ ಬೆವರಿಳಿಯುವಂತೆ ತಿರುಗಿಸಿದರೂ ಒಂದು ಹನಿ ಪೆಟ್ರೋಲು ಬರಲಿಲ್ಲ. ಭಾಗಣ್ಣ ಟಾಕಿಯ ಕಡೆಯ ನಳಿಗೆಗೆ ಬಾಯಿಟ್ಟು ಊದಿದ. ಟಾಕಿಯೊಳಗೆ ಗುಳುಗುಳು ಸದ್ದಾಯಿತು. ದಾರಿ ಚೊಕ್ಕವಾಗಿದೆ, ಟಾಕಿಯಲ್ಲಿ ಪೆಟ್ರೋಲೂ ಇದೆ, ನಡುವಿನ ಪಂಪೇ ಎತ್ತುತ್ತಿಲ್ಲ. ಪಂಪಿನ ಅಡಿಯ ಸಣ್ಣ ತೂತಿಗೆ ಬೆರಳಿಟ್ಟ. ಬೆರಳು ಒದ್ದೆಯಾಯಿತು. ಪೆಟ್ರೋಲು ಎತ್ತುವ ಒಳಗಿನ ಪರದೆ ಹರಿದಿತ್ತು.

"ಪಂಪ್ ಸತ್ತೈತಿ," ಎಂದ. ಇಲ್ಲಿಯವರೆಗಿನದು ನಿಜ.

"ಹೊಸಾದು ಐತೇನ್ರಿ?"

"ಎಲ್ಲಿಂದ ಬರ್ಬೇಕೋ ಪಾಶಾ? ಹೈದ್ರಾಬಾದಿಂದ ತರಸ್ಬೇಕು. ಗುರುವಾರಕ್ಕ ನೋಡೂಣು."

ಸುಳ್ಳಿನ ರೂಢಿ ಅವನಿಗಿರಲಿಲ್ಲ. ಹೊಸ ಪಂಪು ಶೆಡ್ಡಿನೊಳಗೆ ಬಿಸ್ಕೀಟಿನ ಡಬ್ಬಿಯಲ್ಲಿ, ಹಳೆಯ ಧೋತರದ ತುಂಡಿನಲ್ಲಿ ಬೆಚ್ಚಗೆ ಮಲಗಿತ್ತು. ಚಾಂದಪಾಶಾ ತಲೆಯ ಮೇಲೆ ಕೈಹೊತ್ತು ಎದುರಿನ ಹೋಟೆಲಿಗೆ ಚಹಾ ಕುಡಿಯಲು ಹೋದ. ಭಾಗಣ್ಣನಿಗೆ ಎದೆಯೊಳಗೆ ಹಬ್ಬ. ಇನ್ನೂ ಮೂರು ದಿನ ಮಗಳ ಕೈಯ ರೊಟ್ಟಿ, ಪುಂಡಿಪಲ್ಯ, ಮಗಳ ಜಗಳ!

ಅಷ್ಟರಲ್ಲಿ ಸಾಯಬಮ್ಮ ಹೊರಗೆ ಬಂದಳು. ಉಡಿಯಲ್ಲಿ ನೆರೆಮನೆಯ ಮುದುಕಮ್ಮ ತುಂಬಿದ ಅಕ್ಕಿ, ಕೊಬ್ಬರಿ. ಕೈಯಲ್ಲಿ ಆ ಡಬ್ಬಿಯೊಳಗಿನ ಧೋತರದ ಗಂಟು. ಅದನ್ನು ತಂದು ಅಪ್ಪನ ಮುಂದೆ ಮಡ್‌ಗಾರ್ಡಿನ ಮೇಲಿಟ್ಟಳು.

"ಇದು ಈ ಗಾಡಿಗಿ ಕೂಡೂದಿಲ್ಲವ್ವಾ," ಎಂದ ಭಾಗಣ್ಣ, ಅವಳ ಮುಖ ನೋಡದೆ.

"ಕೂಡ್ತದಪ್ಪಾ. ಹ್ವಾದ ವಾರ ಒರಸಿ ಕಟ್ಟಿಟ್ಟಾಕಿ ನಾನು."

ಸಿಕ್ಕಿಬಿದ್ದವನಿಗೆ ಸಿಟ್ಟು ಬರುವುದು ಲೋಕರೂಢಿ. "ಮೂರ್ ದಿನ ಇದ್ರ ನಿಂದೇನ್ ಗಂಟು ಹೋಗ್ತದ? ಗಂಡನ ಮನಿ ಅಷ್ಟ್ ಸವಿ ಹತ್ತೇತೇನು?"

ಸಾಯಬಮ್ಮನ ಕಣ್ಣು ತುಂಬಿದವು. "ಇವತ್ತ ಉಳದ್ರ ನಾ ಗುರುವಾರ ಹೋಗಾಂಗಿಲ್ಲಪ್ಪಾ. ಶುಕ್ರವಾರನೂ ಹೋಗಾಂಗಿಲ್ಲ. ಕಾಲು ಇನ್ನಾ ನನ್ನ ಮಾತು ಕೇಳಾಕತ್ತಾವು, ಈಗ ಕಳಸಿಬಿಡು."

ಭಾಗಣ್ಣ ಕೈಚಾಚಿದ. ಕೇಳದೆಯೇ ಅವಳು ಸರಿಯಾದ ಪಾನಾ ಕೊಟ್ಟಳು, ಒಂಬತ್ತು ವರ್ಷದವಳು ಕೊಡುತ್ತಿದ್ದ ಹಾಗೆಯೇ. ಹಳೆಯ ಪಂಪು ಬಿಚ್ಚಿ, ಅಂಟಿದ ಪ್ಯಾಕಿಂಗು ಕೆರೆದು ತೆಗೆದು, ಹೊಸದನ್ನು ಕೂಡಿಸಿದರು. ಕೊನೆಯ ಬೋಲ್ಟಿಗೆ ಬಂದಾಗ ಅವನ ಕೈ ತಡೆಯಿತು. ಸಡಿಲು ಬಿಟ್ಟರೆ ಸಾಕು, ದೋರನಹಳ್ಳಿ ದಾಟುವಷ್ಟರಲ್ಲಿ ಗಾಡಿ ನಿಂತು, ಮಗಳು ತಿರುಗಿ ಬರುತ್ತಿದ್ದಳು. ಮಗಳು ನೋಡುತ್ತಿದ್ದಳು. ಅವನು ಬಿಗಿಯಾಗಿ ತಿರುವಿದ.

ಹೋಟೆಲಿನಿಂದ ಓಡಿಬಂದ ಚಾಂದಪಾಶಾ ಹ್ಯಾಂಡಲ್ ತಿರುವಿದ, ಎರಡನೇ ಸುತ್ತಿಗೇ ಎಂಜಿನ್ನು ಹಿಡಿಯಿತು. ಸಾಯಬಮ್ಮ ಕಾಲು ಮುಟ್ಟಿ ಗಾಡಿ ಹತ್ತಿದಳು, ಹಿಂತಿರುಗಿ ನೋಡಲಿಲ್ಲ. ಸದ್ದು ಕೇಳುವವರೆಗೂ ಅವನು ರಸ್ತೆಯಲ್ಲೇ ನಿಂತಿದ್ದ. ಎಲ್ಲಾದರೂ ಬಿಕ್ಕಬಹುದೆಂದು ಕಿವಿಯಿಟ್ಟು ಕಾದ.

ಮರುದಿನ ಮಂಗಳವಾರ ಚಾಂದಪಾಶಾ ನಗುತ್ತ ಬಂದು ಗಾಡಿಯಿಂದ ಇಳಿದ. "ಎಲ್ಲೂ ನಿಂದ್ರಲಿಲ್ರಿ! ಟೇಶನ್ ತನಕ ಬಾಣ ಬಿಟ್ಟಂಗ ಹೋತು."

"ಎಲ್ಲೂ ನಿಂದ್ರಲಿಲ್ಲ?"

"ಒಂದ್ ಸಲಾನೂ ಇಲ್ರಿ. ಮಾಶಾಲ್ಲಾ, ಏನ್ ಕೈರಿ ನಿಮ್ದು!"

ಇಪ್ಪತ್ತು ವರ್ಷದ ಕಸುಬಿನಲ್ಲಿ ಮೊದಲ ಸಲ, ತನ್ನ ಕೆಲಸ ಕೆಡಲಿಲ್ಲವಲ್ಲ ಎಂದು ಭಾಗಣ್ಣ ಅತ್ತ.