ಡೆಕ್ಕೋ ಬೆಕ್ಕೋ

ನನಗೆ ಬೇಕಾಗಿದ್ದದ್ದು ನನ್ನ ಅಡುಗೆಮನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅತ್ತೆಯ ಮೇಲಿನ ಪ್ರೀತಿ ಉಕ್ಕಿ ಹರಿದು ನಾನು ಹೀಗೆಲ್ಲ ಮಾಡಿದೆ ಎಂದು ನಾಳೆ ಯಾರೂ ಅಪಾರ್ಥ ಮಾಡಿಕೊಳ್ಳಬಾರದು.

ನಮ್ಮ ಮನೆಯ ಮುಂಭಾಗಕ್ಕೆ ಬಿಸಿಲು ಬರುವುದಿಲ್ಲ. ಎದುರಿಗಿರುವ ಐದಂತಸ್ತಿನ ಕಟ್ಟಡ ಎಲ್ಲವನ್ನೂ ತಡೆದು ನಿಂತಿದೆ. ಬೆಳಗಿನ ಬಿಸಿಲು ಬೀಳುವುದು ಹಿತ್ತಲಿಗೆ ಮಾತ್ರ. ಹಿತ್ತಲ ಬಾಗಿಲು ದಾಟಿದರೆ ಮರದ ಹಲಗೆ ಜೋಡಿಸಿ ಮಾಡಿದ ಅಗಲವಾದ ಜಗಲಿ ಇದೆ, ಅದರಿಂದ ಎರಡು ಮೆಟ್ಟಿಲಿಳಿದರೆ ಮಣ್ಣು. ಮನೆ ಕೊಂಡ ಹೊಸದರಲ್ಲಿ ಅತ್ತೆ ತಮ್ಮ ಕಬ್ಬಿಣದ ಮಡಿಸುವ ಕುರ್ಚಿಯನ್ನು ಅಲ್ಲಿ ಹಾಕಿಕೊಂಡು ಕೂರುತ್ತಿದ್ದರು. ಟೀ ಲೋಟ ಹಿಡಿದು ಹೋದವರು ಬಿಸಿಲು ಚುರುಗುಟ್ಟುವವರೆಗೆ ಒಳಗೆ ಕಾಲಿಡುತ್ತಿರಲಿಲ್ಲ. ಅದು ನನ್ನ ಸಂಸಾರದ ಸುವರ್ಣಯುಗ.

ಆಮೇಲೆ ಮಳೆನೀರಿನ ಪೈಪು ಒಡೆದು ನೀರೆಲ್ಲ ಹಲಗೆಯ ಮೇಲೆ ಸುರಿಯತೊಡಗಿತು. "ಈ ಭಾನುವಾರ ನೋಡ್ತೀನಿ" ಎಂದರು ನಮ್ಮ ಯಜಮಾನರು. ಊರವರ ಮನೆಗಳಲ್ಲಿ ಎಲ್ಲೆಲ್ಲಿ ಅಪಾಯವಿದೆ ಎಂದು ಹುಡುಕಿ ಹೇಳುವ ವಿಮಾ ಕಚೇರಿಯ ಕೆಲಸ ಅವರದು. ಸ್ವಂತ ಮನೆಯ ಭಾನುವಾರ ಮಾತ್ರ ಬರಲೇ ಇಲ್ಲ. ಹಲಗೆ ಕೊಳೆಯಿತು, ಹುಲ್ಲು ಮಂಡಿಯುದ್ದ ಬೆಳೆಯಿತು, ಎಲ್ಲಿಂದಲೋ ಬಂದ ಬಳ್ಳಿಯೊಂದು ಮೆಟ್ಟಿಲನ್ನೇ ನುಂಗಿ ಹಾಕಿತು. ಕೊನೆಗೊಂದು ಬೆಳಿಗ್ಗೆ ಅತ್ತೆಯ ಬಲಗಾಲು ಹಲಗೆ ಮುರಿದುಕೊಂಡು ಒಳಕ್ಕೆ ಹೋಯಿತು.

ಮೂಳೆ ಹೇಗೋ ಕೂಡಿಕೊಂಡಿತು. "ದಿನಾ ಬೆಳಿಗ್ಗೆ ಬಿಸಿಲಲ್ಲಿ ಕೂತ್ಕೊಳ್ಳಿ ಅಮ್ಮ, ಮೂಳೆಗೆ ಒಳ್ಳೇದು" ಎಂದು ಡಾಕ್ಟರು ಹೇಳಿ ಕಳಿಸಿದರು. ಮಗರಾಯ ಮಾಡಿದ ಮೊದಲ ಕೆಲಸವೆಂದರೆ ಹಿತ್ತಲ ಬಾಗಿಲಿಗೆ, ಅತ್ತೆಯ ಕೈಗೆ ಎಟುಕದಷ್ಟು ಮೇಲೆ, ಇನ್ನೊಂದು ಚಿಲಕ ಜಡಿದದ್ದು.

ಅಂದಿನಿಂದ ಅತ್ತೆಗೆ ಉಳಿದದ್ದು ಅಡುಗೆಮನೆಯ ಕಿಟಕಿ. ಸರಳುಗಳ ನಡುವೆ ನುಸುಳಿ ಬರುವ ಒಂದು ಪಟ್ಟಿ ಬಿಸಿಲಿಗೆ ಒಮ್ಮೆ ಮೊಣಕಾಲು, ಒಮ್ಮೆ ಮೊಣಕೈ ಒಡ್ಡಿಕೊಂಡು ಕೂರುತ್ತಿದ್ದರು. ಬಿಸಿಲು ಸರಿದಂತೆ ಅವರೂ ಸರಿಯುತ್ತ ಸರಿಯುತ್ತ ನನ್ನ ಒಲೆಯ ಪಕ್ಕಕ್ಕೇ ಬಂದುಬಿಡುತ್ತಿದ್ದರು.

"ಉಪ್ಪು ಹಾಕಿದ್ಯಾ?"

"ಹಾಕಿದೆ ಅತ್ತೆ."

"ನಾನು ನೋಡ್ಲಿಲ್ಲ."

"ನೀವು ನೋಡದಿದ್ರೂ ಉಪ್ಪು ಉಪ್ಪೇ ಅತ್ತೆ."

"ಬಾಯಿಗೇನೂ ಕಡಿಮೆ ಇಲ್ಲ. ಉರಿ ಕಡಿಮೆ ಮಾಡು."

ಇಡೀ ವರ್ಷ ಹೀಗೇ ನಡೆಯಿತು. ಅವರಿಗೆ ಬಿಸಿಲು ಬೇಕು, ನನಗೆ ಅವರು ಬಿಸಿಲಿಗೆ ಹೋಗುವುದು ಬೇಕು. ಅತ್ತೆ ಸೊಸೆ ಇಷ್ಟು ಒಮ್ಮನಸ್ಸಿನಿಂದ ಬೇರೆ ಯಾವುದನ್ನೂ ಬಯಸಿದವರಲ್ಲ.

ತಾಯಿಯ ಕಾಲು ಮುರಿದರೂ ಎಚ್ಚರಾಗದ ನಮ್ಮ ಯಜಮಾನರಿಗೆ ಎಚ್ಚರವಾದದ್ದು ಸಹೋದ್ಯೋಗಿಯೊಬ್ಬರು ತಮ್ಮ ಹಿತ್ತಲಿನ ಫೋಟೋವನ್ನು ಆಫೀಸಿನ ಗ್ರೂಪಿಗೆ ಹಾಕಿದ ದಿನ. ಫೋಟೋದಲ್ಲಿ ಮಿರಿಮಿರಿ ಮಿಂಚುವ ಹಲಗೆ, ಸಾಲಾಗಿ ಕುಂಡ, ನಡುವೆ ಹೊಟ್ಟೆ ಒಳಗೆಳೆದುಕೊಂಡು ನಿಂತ ಆ ಸಹೋದ್ಯೋಗಿ. ಇವರು ಅದನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಆಮೇಲೆ ಟೊಂಕ ಕಟ್ಟಿ ನಿಂತರು.

"ಅಮ್ಮ, ಚಳಿ ಶುರುವಾಗೋ ಮುಂಚೆ ನಿನ್ನನ್ನ ಡೆಕ್ ಮೇಲೆ ಕೂರಿಸ್ತೀನಿ."

"ಎಲ್ಲಿ?"

"ಡೆಕ್ ಮೇಲೆ."

"ಜಗಲಿ ಅನ್ನೋ."

"ಜಗಲಿ ಅಂದ್ರೆ ಕಲ್ಲಿಂದು, ಮಣ್ಣಿಂದು. ಇದು ಡೆಕ್ ಅಮ್ಮ."

"ಡೆಕ್ಕೋ ಬೆಕ್ಕೋ, ನಂಗೆ ಕೂರೋಕೆ ಬಿಟ್ರೆ ಸಾಕು."

ಮೊದಲು ಮಾಲಿಯನ್ನು ಕರೆಸಿದರು. ಅದರ ಹಿಂದಿನ ಸಂಜೆಯೇ ನರ್ಸರಿಯಿಂದ ಏನೇನೋ ಅಲಂಕಾರದ ಹುಲ್ಲು ತಂದು ಬೇಲಿಯುದ್ದಕ್ಕೂ ನೆಟ್ಟಿದ್ದರು. ಹುಲ್ಲನ್ನು ಕೀಳಿಸುವ ಮುಂಚೆ ಇನ್ನೊಂದು ಹುಲ್ಲನ್ನು ಕೊಂಡು ತಂದು ನೆಡುವ ಬುದ್ಧಿವಂತಿಕೆ ನಮ್ಮ ಮನೆಯಲ್ಲಿ ಮಾತ್ರ ಕಾಣಸಿಗುತ್ತದೆ. ಮಾಲಿಗೆ ಅದನ್ನೆಲ್ಲ ತೋರಿಸಿ, ಬೈಕ್ ಹತ್ತುತ್ತ, ಹಿತ್ತಲು ಸಿಂಗರಿಸುವ ವೀಡಿಯೋಗಳಲ್ಲಿ ಕಲಿತ ಗತ್ತಿನಲ್ಲಿ ಹೇಳಿದರು:

"ನಾನು ಸಂಜೆ ಬರೋ ಹೊತ್ತಿಗೆ ಈ ಹಿತ್ತಲಲ್ಲಿ ಒಂದು ಕಳೆ ಇರ್ಬೇಕು ನೋಡಪ್ಪ."

"ಆಯ್ತು ಸಾರ್, ಇರುತ್ತೆ."

ಮಾಲಿ ಮಹಾ ಪಾಕಡ. ಮಧ್ಯಾಹ್ನದವರೆಗೆ ಗೋಡೆಯ ನೆರಳಲ್ಲಿ ಕುಡುಗೋಲು ಮಸೆದ, ಊಟವಾದ ಮೇಲೆ ಕುಡುಗೋಲನ್ನೇ ತಲೆಯ ಪಕ್ಕಕ್ಕಿಟ್ಟು ಮಲಗಿದ, ಸಂಜೆ ಗೇಟಿನ ಸದ್ದು ಕೇಳುವ ಮುಂಚೆ ಎದ್ದು ಕೈಗೆ ಸುಲಭವಾಗಿ ಬಂದದ್ದನ್ನು ಕಿತ್ತು ರಾಶಿ ಹಾಕಿದ. ಸುಲಭವಾಗಿ ಬಂದದ್ದು, ಇನ್ನೂ ಬೇರು ಬಿಡದಿದ್ದ ನರ್ಸರಿಯ ಹುಲ್ಲು.

"ಏನಯ್ಯಾ ಇದು! ಕಳೆ ಎಲ್ಲಾ ಹಾಗೇ ಇದೆ!"

"ನೀವೇ ಹೇಳಿದ್ರಲ್ಲ ಸಾರ್, ಬರೋ ಹೊತ್ತಿಗೆ ಕಳೆ ಇರ್ಬೇಕು ಅಂತ. ಕಳೆಗೆ ಕೈ ಹಚ್ಚಿಲ್ಲ. ಮಿಕ್ಕಿದ್ದು ಕಿತ್ತಿದೀನಿ."

ಕಿಟಕಿಯ ಒಳಗೆ ಅತ್ತೆ ಸರಳು ಹಿಡಿದುಕೊಂಡು ನಕ್ಕರು. "ಒಂದು ಕಳೆ ಕೇಳಿದ್ಯಲ್ಲೋ, ಎಣಿಸ್ಕೋ, ಎಷ್ಟು ಬೇಕಾದ್ರೂ ಇದೆ!" ನಾನು ನಗಬಾರದೆಂದು ತುಟಿ ಕಚ್ಚಿಕೊಂಡೆ. ಆದರೂ ನಕ್ಕೆ.

ಯಜಮಾನರು ಮುಖ ಊದಿಸಿಕೊಂಡು ರಾತ್ರಿಯ ಊಟ ಮಾಡಿದರು. ಇನ್ನು ಯಾರನ್ನೂ ನಂಬುವುದಿಲ್ಲ, ಎಲ್ಲ ತಾವೇ ಮಾಡುವುದಾಗಿ ಸಾರಿದರು. ಮರುದಿನ ಮಂಡಿಗೆ ಕಟ್ಟುವ ಪಟ್ಟಿ, ಕೈಗವಸು, ಕಣ್ಣಿಗೆ ದಪ್ಪ ಕನ್ನಡಕ, ಮರ ಉಜ್ಜುವ ಮಷೀನು ಬಂದವು. ಎಲ್ಲವನ್ನೂ ತೊಟ್ಟುಕೊಂಡು ಮೊದಲು ಫೋಟೋ ತೆಗೆಸಿಕೊಂಡರು. ಸುಳ್ಳೇಕೆ ಹೇಳಲಿ, ಆಮೇಲೆ ಕೆಲಸವನ್ನೂ ಮಾಡಿದರು. ರಜೆ ಹಾಕಿ ಕಳೆ ಕಿತ್ತರು, ಅಂಗೈಯಲ್ಲಿ ಬೊಬ್ಬೆ ಎದ್ದಿತು, ಮೆಟ್ಟಿಲು ಮತ್ತೆ ಬೆಳಕು ಕಂಡಿತು. ಪೈಪನ್ನು ಕೊಳಾಯಿಯವನು, ಕೊಳೆತ ಹಲಗೆಗಳನ್ನು ಬಡಗಿ ಬಂದು ಬದಲಾಯಿಸಿದರು. ಟೇಪಿನ ಒಂದು ತುದಿ ಹಿಡಿದುಕೊಂಡಿದ್ದ ಇವರು ಮಾತ್ರ "ನಾನೇ ಹಾಕಿದ್ದು" ಎಂದು ಇಂದಿಗೂ ಹೇಳುತ್ತಾರೆ.

ಮಷೀನು ಶುರುವಾದ ದಿನ ಮರದ ಹೊಟ್ಟು ಕಿಟಕಿಯಿಂದ ಒಳಗೆ ನುಗ್ಗಿ ಪಾತ್ರೆ, ಡಬ್ಬಿ, ಅತ್ತೆಯ ತಲೆ, ನನ್ನ ಸಾರು ಎಲ್ಲದರ ಮೇಲೂ ಕೂತಿತು. ಅತ್ತೆ ಕೆಮ್ಮುತ್ತ, ಸೆರಗಿನಲ್ಲಿ ಮೂಗು ಮುಚ್ಚಿಕೊಂಡು, ಮಗ ಉಜ್ಜುವುದನ್ನೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವರಂತೆ ನೋಡುತ್ತಿದ್ದರು. ಚಳಿಗೆ ಇನ್ನೂ ಸಮಯವಿತ್ತು.

ಪಾಲಿಶ್ ಬಳಿದಾಯಿತು. ಜೇನಿನ ಬಣ್ಣ. ನಿಜಕ್ಕೂ ಚಂದವಾಗಿ ಬಂತು. ಆದರೆ ಪಕ್ಕದ ಮನೆಯ ಬೆಕ್ಕಿಗೆ ಇದೆಲ್ಲ ತಿಳಿಯಬೇಕಲ್ಲ. ಹಸಿ ಪಾಲಿಶಿನ ಮೇಲೆ ಈ ಕೊನೆಯಿಂದ ಆ ಕೊನೆಗೆ ಸಾವಕಾಶವಾಗಿ ನಡೆದು, ನಡುವೆ ಒಮ್ಮೆ ಕೂತು, ಕೂತ ಗುರುತನ್ನೂ ಬಿಟ್ಟು ಹೋಯಿತು. ಇವರು ಬೆಕ್ಕಿನ ವಂಶವನ್ನೆಲ್ಲ ಬೈದು, ಮತ್ತೆ ಉಜ್ಜಿ, ಮತ್ತೆ ಬಳಿದರು. ಒಣಗಿದ್ದೇ ತಡ, ಜಗಲಿಯ ಉದ್ದಗಲಕ್ಕೂ ನೀಲಿ ಟಾರ್ಪಾಲು ಹೊದಿಸಿ ನಾಲ್ಕು ಮೂಲೆಗೆ ಇಟ್ಟಿಗೆ ಇಟ್ಟರು.

"ಇನ್ನು ಬಾಗ್ಲು ತೆಗಿಯೋ, ಕೂರ್ತೀನಿ" ಎಂದರು ಅತ್ತೆ, ಕುರ್ಚಿ ಹಿಡಿದು ಸಿದ್ಧವಾಗಿ.

"ಅಯ್ಯೋ, ಈಗಲೇ ಬೇಡಮ್ಮ. ಪಾಲಿಶ್ ಇನ್ನೂ ಕೂತಿಲ್ಲ. ಅದು ಚೆನ್ನಾಗಿ ಕೂರ್ಬೇಕು. ಆಮೇಲೆ ನೀನು ಕೂರು. ಆದ್ರೆ ಆ ಕುರ್ಚಿ ಬೇಡ. ಅದರ ಕಾಲಿಗೆ ರಬ್ಬರೇ ಇಲ್ಲ, ಗೀರಿಹಾಕತ್ತೆ. ಗುಜರಿಗೆ ಕೊಟ್ಬಿಡ್ತೀನಿ."

ಅತ್ತೆ ಕುರ್ಚಿಯನ್ನು ತಮ್ಮ ಮಂಚದ ಕೆಳಗೆ ಬಚ್ಚಿಟ್ಟರು.

ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಬುದ್ಧಿ ಇವರಿಗೆ ಆಕಾಶದಿಂದ ಉದುರಿದ್ದಲ್ಲ. ನಮ್ಮ ಮನೆಯಲ್ಲಿ ಟಿವಿಯ ರಿಮೋಟು ಇಂದಿಗೂ ಪ್ಲಾಸ್ಟಿಕ್ ಚೀಲದೊಳಗಿನಿಂದಲೇ ಕೆಲಸ ಮಾಡುತ್ತದೆ. ಸೋಫಾಕ್ಕೊಂದು ಕವರು, ಆ ಕವರು ಕೊಳೆಯಾಗದಂತೆ ಇನ್ನೊಂದು ಕವರು. ಶೋಕೇಸಿನಲ್ಲಿ ಹೂವಿನ ಚಿತ್ರದ ಪಿಂಗಾಣಿ ಕಪ್ಪುಗಳಿವೆ. ಅವು ಬಂದವರಿಗೆ. ಎಷ್ಟು ದೊಡ್ಡವರು ಬಂದರೂ "ಇವರಿಗಲ್ಲ ಬಿಡು" ಎಂದು ಸ್ಟೀಲಿನ ಲೋಟದಲ್ಲೇ ಟೀ ಕೊಡಿಸಿದವರು ಅತ್ತೆ. ಮಗನನ್ನು ಹಾಗೆ ಬೆಳೆಸಿದವರೂ ಅವರೇ. ಈಗ ಮಗ ತಾಯಿಯನ್ನೇ "ಇವರಿಗಲ್ಲ ಬಿಡು" ಎನ್ನುವ ಸಾಲಿಗೆ ಸೇರಿಸಿದ್ದ.

ಪಾಲಿಶ್ ಕೂರುತ್ತಲೇ ಇತ್ತು. ಇಷ್ಟು ಹೊತ್ತು ಕೂರುವ ಪಾಲಿಶನ್ನು ನಾನು ಕಂಡಿಲ್ಲ.

ನನ್ನ ಪಾಡು ಇನ್ನೂ ಕೆಟ್ಟಿತು. ಆಫೀಸಿನವರು ಡೆಕ್ ನೋಡಲು ಬಂದರು. ಅವರನ್ನು ಹಿತ್ತಲಿಗೆ ಬಿಟ್ಟರೆ ಶೂ ಗುರುತು ಬೀಳುತ್ತದಲ್ಲ, ಹಾಗಾಗಿ ಎಲ್ಲರನ್ನೂ ನನ್ನ ಅಡುಗೆಮನೆಗೆ ಕರೆತಂದು ಕಿಟಕಿಯಿಂದ ತೋರಿಸಿದರು. ಇವರು ಗೋಡೆಯ ಬದಿಯಿಂದ ಹೋಗಿ ಟಾರ್ಪಾಲಿನ ಒಂದು ಮೂಲೆ ಎತ್ತಿ ಹಿಡಿದಿದ್ದರು. ಮ್ಯಾನೇಜರು ನನ್ನ ಹಿಟ್ಟಿನ ಡಬ್ಬಿಯ ಮೇಲೆ ಮೊಣಕೈ ಊರಿ "ವಾಹ್" ಎಂದರು. ಫೋಟೋದ ಸಹೋದ್ಯೋಗಿ ಮಾತಾಡದೆ ನೋಡಿದರು. ಅದೇ ಇವರ ಜಯ.

"ನೋಡಿದ್ಯಾ ಅಮ್ಮ, ಹಿತ್ತಲಿಗೆ ಎಂಥಾ ಕಳೆ ಬಂತು!" ಎಂದರು, ಅವರೆಲ್ಲ ಹೋದ ಮೇಲೆ.

"ಹೂಂ ಕಣೋ. ಕಳೆ ಬಂತು, ಚಳೀನೂ ಬಂತು" ಎಂದರು ಅತ್ತೆ.

ನಿಜ, ಬಂದಿತ್ತು. ಬೆಳಗಿನ ಹೊತ್ತು ನೆಲ ಕಾಲಿಗೆ ಚುಚ್ಚುತ್ತಿತ್ತು. ಸೂರ್ಯ ಪಕ್ಕಕ್ಕೆ ಸರಿದು ಕಿಟಕಿಯ ಪಟ್ಟಿ ಬಿಸಿಲು ಕೈಯಗಲಕ್ಕೆ ಇಳಿದಿತ್ತು. ಆ ಭಾನುವಾರ ಇವರು ಇನ್ನೂ ದಪ್ಪನೆಯ ಟಾರ್ಪಾಲು ತರಲು ಪೇಟೆಗೆ ಹೋಗಿದ್ದರು. ನಾನು ಹಾಲು ಕಾಯಿಸಲಿಟ್ಟು ತಿರುಗಿದರೆ, ಅತ್ತೆ ಸರಳಿನಾಚೆ ಕೈ ಚಾಚಿ, ಅಂಗೈ ಅಗಲಿಸಿ, ಅಷ್ಟೇ ಅಷ್ಟು ಬಿಸಿಲನ್ನು ಹಿಡಿದುಕೊಂಡು ನಿಂತಿದ್ದರು. ಯಾರೋ ಏನೋ ಕೊಡುತ್ತಾರೆಂದು ಕೈ ಒಡ್ಡಿದ ಹಾಗೆ. ನನಗೆ ಅಡುಗೆಮನೆಯ ವಿಷಯ ಆ ಗಳಿಗೆಯಲ್ಲಿ ನೆನಪಿಗೆ ಬರಲಿಲ್ಲ ಎಂದರೆ ನಂಬಬೇಕು.

ಹೊರಗೆ, ಟಾರ್ಪಾಲಿನ ಒಂದು ಮೂಲೆ ಗಾಳಿಗೆ ಮಡಚಿಕೊಂಡಿತ್ತು. ಬಿಸಿಯಾದ ಹಲಗೆಯ ಮೇಲೆ ಪಕ್ಕದ ಮನೆಯ ಬೆಕ್ಕು ನಾಲ್ಕೂ ಕಾಲು ಚಾಚಿ ಮಲಗಿತ್ತು.

"ಪಾಲಿಶ್ ಕೂತಿದೆ, ಬೆಕ್ಕೂ ಕೂತಿದೆ" ಎಂದರು ಅತ್ತೆ, ತಿರುಗಿ ನೋಡದೆ. "ನಾನೊಬ್ಳು ನಿಂತಿದೀನಿ."

ನಾನು ಸ್ಟೂಲ್ ಹತ್ತಿ ಮೇಲಿನ ಚಿಲಕ ತೆಗೆದೆ.

ಅತ್ತೆ ಕೋಣೆಗೆ ಹೋಗಿ ಮಂಚದ ಕೆಳಗಿನಿಂದ ಕುರ್ಚಿ ತಂದರು. ನಾನು ಟಾರ್ಪಾಲನ್ನು ಸುತ್ತಿ ಮೂಲೆಗೆ ತಳ್ಳಿ, ಕುರ್ಚಿ ಎತ್ತಿಕೊಡಲು ಹೋದೆ. "ಬಿಡು" ಎಂದು ತಾವೇ ಎಳೆದುಕೊಂಡು ಹೊರಟರು. ಕಬ್ಬಿಣದ ಕಾಲು ಬಾಗಿಲಿನಿಂದ ಜಗಲಿಯ ಬಿಸಿಲಿನ ನಡುವಿನವರೆಗೆ ಕರ್ರ್ ಎನ್ನುತ್ತ ಹೋಯಿತು. ಜೇನಿನ ಬಣ್ಣದ ಮೇಲೆ ಬೆಳ್ಳಗಿನ ಗೀರು ಬಿತ್ತು. ಬೆಕ್ಕು ಒಂದು ಕಣ್ಣು ತೆರೆದು ನೋಡಿ ಮುಚ್ಚಿಕೊಂಡಿತು. ಅತ್ತೆ ಕೂತು, ಮುರಿದಿದ್ದ ಕಾಲನ್ನು ಮುಂದಕ್ಕೆ ಚಾಚಿ, ಕಣ್ಣು ಮುಚ್ಚಿದರು.

"ಟೀ ತಾ. ಶೋಕೇಸಲ್ಲಿರೋ ಹೂವಿನ ಕಪ್ಪಲ್ಲಿ."

"ಅದು ಬಂದವರಿಗಲ್ವಾ ಅತ್ತೆ?"

"ನಾನೀಗ ತಾನೇ ಬಂದೆ."

ಕಪ್ಪಿನ ಧೂಳು ತೊಳೆದು ಟೀ ಕೊಟ್ಟು ಒಳಗೆ ಬಂದೆ. ಅಡುಗೆಮನೆ ಖಾಲಿಯಾಗಿತ್ತು. ಕೊನೆಗೂ ನನ್ನದಾಗಿತ್ತು. ಯಾರ ಕಣ್ಣೂ ಇಲ್ಲದೆ ಸಾರಿಗೆ ಉಪ್ಪು ಹಾಕಿದೆ. ಅಷ್ಟರಲ್ಲಿ ಗೇಟು ಸದ್ದಾಯಿತು. ಯಜಮಾನರು ಹೊಸ ಟಾರ್ಪಾಲಿನ ಸುರುಳಿಯನ್ನು ಹೆಗಲ ಮೇಲೆ ಹೊತ್ತು ಗೋಡೆಯ ಬದಿಯಿಂದ ಹಿತ್ತಲಿಗೆ ಬಂದರು, ಬಂದಲ್ಲೇ ನಿಂತರು. ಹೆಗಲ ಮೇಲಿನ ಸುರುಳಿ ಜಾರಿ ಮಣ್ಣಿಗೆ ಬಿತ್ತು.

"ಅಮ್ಮ... ಗೀರು!"

"ಗೀರಲ್ಲ ಕಣೋ. ಈಗ ಕಳೆ ಬಂತು."

ಇವರು ಮಂಡಿಯೂರಿ, ಜೇಬಿನ ಕರವಸ್ತ್ರ ತೆಗೆದು, ಗೀರನ್ನು ಬಾಗಿಲ ಕಡೆಯಿಂದ ಉಜ್ಜುತ್ತ ಉಜ್ಜುತ್ತ ಕುರ್ಚಿಯ ಬುಡಕ್ಕೆ ಬಂದರು. ಅತ್ತೆ, ಕಸ ಗುಡಿಸುವವರಿಗೆ ಜಾಗ ಬಿಡುವಂತೆ, ಎರಡೂ ಕಾಲನ್ನು ಸ್ವಲ್ಪ ಮೇಲಕ್ಕೆತ್ತಿ ಟೀ ಗುಟುಕರಿಸಿದರು. ನಾನು ಕಿಟಕಿಯ ಸರಳು ಹಿಡಿದು ನೋಡುತ್ತ ನಿಂತಿದ್ದೆ. ಇಷ್ಟು ದಿನ ಅವರು ನಿಲ್ಲುತ್ತಿದ್ದ ಜಾಗವೇ ಅದು. ಅಲ್ಲಿ ಎಷ್ಟು ಚಳಿ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

ಅತ್ತೆ ತಲೆ ತಿರುಗಿಸಿ ನನ್ನನ್ನು ನೋಡಿದರು.

"ಉಪ್ಪು ಹಾಕಿದ್ಯಾ?"

"ಹಾಕಿದೆ ಅತ್ತೆ."

"ಹಾಗಾದ್ರೆ ಒಲೆ ಆರಿಸಿ ಬಾ. ಇನ್ನೊಂದು ಕುರ್ಚಿ ತಗೊಂಡು ಬಾ."

ನಾನು ಊಟದ ಮೇಜಿನ ಪಕ್ಕದ ಭಾರದ ಮರದ ಕುರ್ಚಿಯನ್ನು ಬಾಗಿಲವರೆಗೆ ಹೇಗೋ ಹೊತ್ತು ತಂದೆ. ಹೊಸ್ತಿಲಲ್ಲಿ ನಿಂತು ಇವರ ಬೆನ್ನು ನೋಡಿದೆ, ಕರವಸ್ತ್ರ ನೋಡಿದೆ.

"ಎತ್ಬೇಡ" ಎಂದರು ಅತ್ತೆ. "ಎಳ್ಕೊಂಡೇ ಬಾ."

ಎಳೆದುಕೊಂಡೇ ಹೋದೆ.