ಟಿಕ್ ಅನ್ನುವ ಸದ್ದು

"ಹೂಂ, ಈಗ! ಕೇಳಿಸ್ತಾ?" ಟೈಲರಕ್ಕ ಸದ್ದು ಕೇಳಿಸಿದ ಗುರುತಿಗೆ ಕುರ್ಚಿಯ ಕೈ ಮೇಲೆ ಬೆರಳಿನಿಂದ ಒಮ್ಮೆ ಕುಟ್ಟಿದಳು.

ಏಣಿಯ ಮೇಲಿದ್ದ ಕಿವಿಯಪ್ಪ ಎಸಿಗೆ ಕಿವಿ ಹಚ್ಚಿದ. ಬರೀ ಗಾಳಿ. ಆ ಅಡ್ಡಹೆಸರು ಅವನಿಗೆ ಸುಮ್ಮನೆ ಬಂದದ್ದಲ್ಲ. ಮುಚ್ಚಳ ಬಿಚ್ಚುವ ಮೊದಲೇ, ಸದ್ದು ಕೇಳಿಯೇ ಯಂತ್ರದ ಕಾಯಿಲೆ ಹೇಳುವ ಮೆಕಾನಿಕ್ ಎಂದು ಇಪ್ಪತ್ತು ವರ್ಷದಿಂದ ಜನ ಅವನನ್ನೇ ಕರೆಸುತ್ತಿದ್ದರು. ಆ ಕಿವಿಯೇ ಅವನ ಅನ್ನ.

"ಏನೂ ಇಲ್ಲಕ್ಕ."

"ಹಿಂದಿನ ಎರಡು ಸಲಾನೂ ಇದನ್ನೇ ಅಂದ್ರಿ. ನಲವತ್ತು ವರ್ಷ ಹೊಲಿಗೆ ಮೆಷಿನ್ ತುಳಿದವಳು ನಾನು. ಮೆಷಿನ್ ಗೊಣಗಿದ್ರೆ ನಂಗೊತ್ತಾಗಲ್ವಾ?"

ಅಕ್ಕನನ್ನು ದೂರುವಂತೆಯೂ ಇರಲಿಲ್ಲ. ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೆಯುವವಳು. ಮೂರು ತಿಂಗಳಿಗೊಮ್ಮೆ ಸರ್ವಿಸ್. ಗೋಡೆಯ ಕಾರ್ಡಿನಲ್ಲಿ ಒಂದು ತಾರೀಖೂ ತಪ್ಪಿರಲಿಲ್ಲ. ಆದರೆ ಅವಳ ತಮ್ಮ ನಿನ್ನೆ ಫೋನಿನಲ್ಲಿ ಖಡಾಖಂಡಿತ ಹೇಳಿಬಿಟ್ಟಿದ್ದ: ಕಿವಿಯಪ್ಪ ಇವತ್ತೂ ಇಲ್ಲ ಅಂದರೆ ಅಕ್ಕನನ್ನು ತಲೆಯ ಡಾಕ್ಟರಿಗೆ ತೋರಿಸುವುದು, ಈ ಮನೆ ಖಾಲಿ ಮಾಡಿಸುವುದು. ಒಬ್ಬಳೇ ಇದ್ದೂ ಇದ್ದೂ ಇಲ್ಲದ್ದೆಲ್ಲ ಕೇಳಿಸುತ್ತಿದೆ ಎಂಬುದು ಅವನ ತೀರ್ಮಾನ. ಬಾಗಿಲು ತೆಗೆದಾಗಲೇ ಅಕ್ಕ ಇದನ್ನೆಲ್ಲ ಹೇಳಿಕೊಂಡಿದ್ದಳು.

ಮುಚ್ಚಳ ಸಡಿಲಿಸಲು ಎರಡೂ ಕೈ ಬೇಕಾಯಿತು. ಕಿವಿಯಪ್ಪ ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮುಂದೆ ಬಾಗಿದ. ಅದರ ತುದಿ ಎಸಿಯ ಮೈಗೆ ತಾಗಿತು.

ಟಿಕ್.

ಸದ್ದು ಬಂದದ್ದು ಹಲ್ಲಿನೊಳಗೆ! ಬೆಚ್ಚಿ ಕೆಳಗೆ ನೋಡಿದ. ಅಕ್ಕನ ಬೆರಳು ಆಗತಾನೆ ಕುರ್ಚಿ ಮುಟ್ಟಿತ್ತು. ಇದೇನು ಸೋಜಿಗ? ಸ್ಕ್ರೂಡ್ರೈವರ್ ತೆಗೆದ, ಬೆರಳು ಕುಟ್ಟಿತು, ಸದ್ದಿಲ್ಲ. ಮತ್ತೆ ಕಚ್ಚಿ ತುದಿ ತಾಗಿಸಿದ. ಟಿಕ್, ಬೆರಳು. ಟಿಕ್, ಬೆರಳು. ಆಟಕ್ಕೆ ಬಿದ್ದವನಂತೆ ನಾಲ್ಕೈದು ಸಲ ಮಾಡಿ ನೋಡಿದ ಮೇಲೆ ಅವನಿಗೆ ವಿಷಯ ಹೊಳೆಯಿತು. ಹಲ್ಲಿನ ಮೂಳೆಯಿಂದ ಒಳಗೆ ಬರುತ್ತಿದ್ದ ಸದ್ದು ಅವನ ಕಿವಿಗೆ ಬರುತ್ತಿರಲಿಲ್ಲ.

ಅಷ್ಟರಲ್ಲಿ ತಮ್ಮನ ಫೋನ್. ಅಕ್ಕ ಅದನ್ನು ಏಣಿಯತ್ತ ಚಾಚಿದಳು.

ಇಲ್ಲ ಎಂದುಬಿಟ್ಟರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ. ಕಿವಿಯಪ್ಪ ಫೋನ್ ಕಿವಿಗಿಟ್ಟ.

"ಸದ್ದು ಇದೆ ಸಾರ್. ಗಾಳಿ ರೆಕ್ಕೆ ಆಡಿಸೋ ಗಾಲೀಲಿ ಒಂದು ಹಲ್ಲು ಮುರಿದಿರಬೇಕು."

"ಮತ್ತೆ ಎರಡು ಸಲ ಇಲ್ಲ ಅಂದ್ರಲ್ರೀ?"

"ಅಕ್ಕನ ಕಿವಿ ಚೆನ್ನಾಗಿದೆ. ಕೆಟ್ಟಿರೋದು ನಂದು."

ಆ ಕಡೆಯವನು ದನಿ ತಗ್ಗಿಸಿ ಏನೋ ಅಂದ. ಕಿವಿಯಪ್ಪನಿಗೆ ಅದು ಕೇಳಿಸಲಿಲ್ಲ.

ಫೋನ್ ಇಸಿದುಕೊಂಡ ಅಕ್ಕನಿಗೆ ಗೆದ್ದ ಖುಷಿಯೇ ಬರಲಿಲ್ಲ. ಏಣಿಯ ಪಕ್ಕ ಬಂದು ನಿಂತು, "ನೀವು ಸರಿ ಮಾಡಿ. ನಾನು ಕೇಳ್ತೀನಿ," ಎಂದಳು.

ಮುರಿದ ಹಲ್ಲು ಸಿಕ್ಕಿತು. ಮುರಿದ ಜಾಗ ರೆಕ್ಕೆಯ ಓಡಾಟಕ್ಕೆ ಸಿಗದಂತೆ ಅವನು ಗಾಲಿಯನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿ, ಮುಚ್ಚಳ ಹಾಕಿ ರಿಮೋಟ್ ಒತ್ತಿದ. ಈ ಸಲ ಕಿವಿ ಹಚ್ಚಲಿಲ್ಲ. ಏಣಿಯ ಕಂಬಿಯ ಮೇಲೆ ಎತ್ತಿ ಹಿಡಿದಿದ್ದ ಅಕ್ಕನ ಬೆರಳನ್ನೇ ನೋಡುತ್ತಾ ನಿಂತ. ರೆಕ್ಕೆ ಮೇಲೆ ಹೋಯಿತು, ಕೆಳಗೆ ಬಂತು, ಮತ್ತೆ ಮೇಲೆ ಹೋಯಿತು. ಬೆರಳು ಇಳಿಯಲಿಲ್ಲ.