ಹನ್ನೆರಡಕ್ಕೂ ಹದಿನಾಲ್ಕಕ್ಕೂ ನಡುವೆ

ಕೊನೆಯ ತಿರುಪು ತುಕ್ಕು ಹಿಡಿದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಸೆರಗು ಸುತ್ತಿ ಒತ್ತಿ ತಿರುಗಿಸಿದ ಮೇಲೆ ಕೋಣೆಯ ಬಾಗಿಲಿನಿಂದ ಹಿತ್ತಾಳೆಯ ಹದಿಮೂರು ಕಳಚಿ, ಹೋಟೆಲಿನ ಕೋಣೆ ಗುಡಿಸುವ ಅವಳ ಅಂಗೈಗೆ ಬಿತ್ತು. ಅತಿಥಿಗಳು ಆ ಅಂಕಿಗೆ ಹೆದರುತ್ತಾರಂತೆ. ಹೋದ ವಾರ ನಾಲ್ಕನ್ನು ಕಿತ್ತಿದ್ದಾಗಿತ್ತು. ಪೂರ್ವದ ಕೆಲವು ದೇಶಗಳವರಿಗೆ ನಾಲ್ಕೆಂದರೆ ಸಾವು ನೆನಪಾಗುತ್ತದಂತೆ. ಅವಳಿಗೆ ನೆನಪಾಗುತ್ತಿದ್ದದ್ದು ನಿದ್ದೆಯೊಂದೇ. ಮನೆಯಲ್ಲಿ ರಾತ್ರಿಯಿಡೀ ಅತ್ತೆಯ ಕೆಮ್ಮು. ನಿನ್ನೆ ಹೋಟೆಲಿನ ಮೆಟ್ಟಿಲ ಮೇಲೆ ತೂಕಡಿಸಿದ್ದಕ್ಕೆ ಮ್ಯಾನೇಜರು, "ಇನ್ನೊಂದ್ಸಲ ಕಂಡ್ರೆ ಮನೆಗೆ ಕಳಿಸ್ತೀನಿ" ಎಂದಿದ್ದ. ಮನೆಗೆ ಹೋದರೆ ನಿದ್ದೆ ಸಿಗುವಂತಿದ್ದರೆ ಅವಳೇ ಓಡುತ್ತಿದ್ದಳು.

ಮ್ಯಾನೇಜರು ಬಂದ. "ಇದಕ್ಕೊಂದು ಶುಭ ನಂಬರ್ ಹೇಳಿ. ನಿಮ್ಮ ತಂದೆ ಮಸೀದೀಲಿ ಪಾಠ ಹೇಳ್ತಿದ್ರಲ್ವಾ? ಕುರಾನಿನಲ್ಲಿ ಏಳು ಒಳ್ಳೇದಂತೆ?"

"ಏಳು ಆಕಾಶ ಇದೆ ಸಾರ್. ನರಕಕ್ಕೂ ಏಳೇ ಬಾಗಿಲು."

ಅವನ ಮುಖ ಹುಳ್ಳಗಾಯಿತು. "ಹತ್ತೊಂಬತ್ತು?"

"ನರಕದ ಕಾವಲಿನವರು."

ಬಟ್ಟೆಗಾಡಿ ತಳ್ಳಿಕೊಂಡು ಬರುತ್ತಿದ್ದ ಇಸ್ತ್ರಿಯವಳು, ಎಲ್ಲರೂ ಅತ್ತಿಗೆ ಎನ್ನುವವಳು, ನಿಂತೇಬಿಟ್ಟಳು. "ಅಲ್ಲಿ ಹತ್ತೊಂಬತ್ತು ಜನಾನಾ? ನಮ್ಮ ಗೇಟಿಗೆ ಒಬ್ಬ, ಅವನೂ ಗೊರಕೆ ಹೊಡೀತಾನೆ!"

"ನಂಬರೇ ಬೇಡ ಬಿಡಿ!" ಮ್ಯಾನೇಜರು ರೇಗಿದ. "ಹಳೇ ಹಾಸಿಗೆ ತುಂಬಿ ಬೀಗ ಹಾಕಿ."

ಹಾಸಿಗೆಗಳನ್ನು ಒಳಗೆಳೆಯುವಾಗ ಅವಳಿಗೆ ಅಪ್ಪ ಹೇಳಿಕೊಟ್ಟ ಕುರಾನಿನ ಕತೆಯ ಗುಹೆಯ ಯುವಕರು ನೆನಪಾದರು. ನೂರಾರು ವರ್ಷ ಮಲಗಿದ ಪುಣ್ಯವಂತರು. ಮೂವರು, ನಾಲ್ಕನೆಯದು ಅವರ ನಾಯಿ ಎನ್ನುವವರಿದ್ದಾರೆ. ಐವರು ಮತ್ತು ನಾಯಿ, ಏಳು ಮಂದಿ ಮತ್ತು ನಾಯಿ ಎನ್ನುವವರೂ ಇದ್ದಾರೆ. ಲೆಕ್ಕ ದೇವರಿಗೆ ಗೊತ್ತು, ನೀವು ವಾದಕ್ಕಿಳಿಯಬೇಡಿ ಎಂದು ಗ್ರಂಥವೇ ಹೇಳಿಬಿಟ್ಟಿದೆ. ಮಲಗಿದವರನ್ನು ಎಣಿಸುವ ಉಸಾಬರಿ ನಿಮಗ್ಯಾಕೆ ಎಂದು ಗದರಿದ ಹಾಗೆ. ಅವಳಿಗೆ ಹೊಟ್ಟೆಕಿಚ್ಚಾದದ್ದು ಮಾತ್ರ ಆ ನಾಯಿಯ ಮೇಲೆ. ಹೊಸ್ತಿಲಲ್ಲಿ ಕಾಲು ಚಾಚಿ ಬಿದ್ದುಕೊಂಡಿತ್ತು. ಒಂದು ಲೋಟ ನೀರು ತಾ ಎಂದು ಅದನ್ನು ಯಾರೂ ಎಬ್ಬಿಸಲಿಲ್ಲ.

"ಎಲ್ಲಾ ಪೇರಿಸಿದ್ಯೇನೇ?" ಹೊರಗಿನಿಂದ ಅತ್ತಿಗೆ ಕೂಗಿದಳು.

"ಹೂಂ, ಅತ್ತಿಗೆ."

ಒಂದನ್ನು ಪೇರಿಸಿರಲಿಲ್ಲ. ಸ್ಪ್ರಿಂಗ್ ಚುಚ್ಚದ ಹಾಸಿಗೆಯೊಂದನ್ನು ಕಿಟಕಿಯ ಕೆಳಗೆ ಹಾಸಿ, ಬಾಗಿಲಿನಿಂದ ಕಾಣದಂತೆ ಉಳಿದವನ್ನು ಅಡ್ಡ ನಿಲ್ಲಿಸಿದ್ದಳು. ಬೀಗ ಹಾಕಿ ಕೀ ಕೊಡಲು ಕೆಳಗಿಳಿದರೆ, ಮ್ಯಾನೇಜರು ಆಗಲೇ ಕೀಗಳನ್ನು ತೂಗುಹಾಕುವ ಹಲಗೆಯಿಂದ ಆ ಕೋಣೆಯ ಕೊಕ್ಕೆಯನ್ನೂ ಕಿತ್ತುಹಾಕಿದ್ದ. ಕೀಗೆ ಜಾಗವೇ ಇರಲಿಲ್ಲ.

ನಾಳೆ ಊಟದ ಬಿಡುವಿನಲ್ಲಿ ಒಳಗಿನಿಂದ ಚಿಲಕ ಹಾಕಿಕೊಂಡು ಮಲಗುವುದು ಎಂದುಕೊಂಡಳು. ಕೀಯನ್ನು ಪರ್ಸಿನ ತಳಕ್ಕೆ ತಳ್ಳಿ ಮತ್ತೆ ಮೇಲೆ ಬಂದು, "ಹದಿನಾಲ್ಕಕ್ಕೆ ಟವೆಲ್ ಬೇಕಂತೆ" ಎನ್ನುತ್ತಾ ಅತ್ತಿಗೆಯ ಗಾಡಿಗೆ ಕೈ ಹಾಕಿದಳು.